ಸಹಾಯ ಬೇಕು: ಸಲ್ಫರ್ ಡೈಆಕ್ಸೈಡ್ ಅಳತೆ, ಮಧ್ಯಾಹ್ನವಾದರೆ ಬ್ಲ್ಯಾಂಕ್ (ಗಾಳಿ ಹಾಯಿಸದ ದ್ರಾವಣದ ರೀಡಿಂಗ್) ಏರುತ್ತದೆ

ನಮಸ್ಕಾರ. ದಾವಣಗೆರೆಯ ಪಿ.ಬಿ. ರಸ್ತೆ ಪಕ್ಕದ ತಾರಸಿಯಲ್ಲಿ ಗಾಳಿಯ ಸಲ್ಫರ್ ಡೈಆಕ್ಸೈಡನ್ನು ಸುಧಾರಿತ ವೆಸ್ಟ್-ಗೇಕ್ ವಿಧಾನದಿಂದ (ಅನಿಲವನ್ನು ದ್ರಾವಣದಲ್ಲಿ ಹಿಡಿದು, ಬಣ್ಣ ಬರಿಸಿ, ಬಣ್ಣದ ಗಾಢತೆ ನೋಡುವುದು) ಅಳೆಯುತ್ತಿದ್ದೇವೆ. ಇಂಪಿಂಜರ್‌ನಲ್ಲಿ (ದ್ರಾವಣದೊಳಗೆ ಗಾಳಿ ಹಾಯಿಸುವ ಗಾಜಿನ ಕೊಳವೆ) 30 ಮಿ.ಲೀ. ಟಿಸಿಎಂ (ಟೆಟ್ರಾಕ್ಲೋರೋಮರ್ಕ್ಯುರೇಟ್) ದ್ರಾವಣ, ನಿಮಿಷಕ್ಕೆ 1 ಲೀಟರ್ ಗಾಳಿ, 4 ಗಂಟೆ. ಅದರಲ್ಲಿ 10 ಮಿ.ಲೀ. ತೆಗೆದು 0.6% ಸಲ್ಫಾಮಿಕ್ ಆಮ್ಲ 1 ಮಿ.ಲೀ. ಹಾಕಿ 10 ನಿಮಿಷ ಬಿಡುತ್ತೇವೆ (ನೈಟ್ರೈಟ್ ಕಾಟ ತಪ್ಪಲಿ ಅಂತ). ಆಮೇಲೆ 0.2% ಫಾರ್ಮಾಲ್ಡಿಹೈಡ್, ಪ್ಯಾರಾರೋಸನಿಲಿನ್ (ಬಣ್ಣ ಬರಿಸುವ ಡೈ) ತಲಾ 2 ಮಿ.ಲೀ. ಸೇರಿಸಿ, 25 ಮಿ.ಲೀ.ಗೆ ತುಂಬಿಸಿ, ಅರ್ಧ ಗಂಟೆಗೆ 560 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ.

ಬೆಳಗ್ಗೆ 0.16 ಇದ್ದ ಬ್ಲ್ಯಾಂಕ್ ಮಧ್ಯಾಹ್ನ 0.28 ಮುಟ್ಟುತ್ತಿದೆ. ತಾಪಮಾನ ಏರಿದಂತೆ ಡಿಗ್ರಿಗೆ ಸುಮಾರು 0.015 ಏರುವುದು ಈ ಬಣ್ಣದ ಗುಣವೇ. ಫಾರ್ಮಾಲ್ಡಿಹೈಡ್ ದಿನವೂ ಹೊಸದು, ಅದರ ಮೇಲೆ ಅನುಮಾನವಿಲ್ಲ. ಲೆಕ್ಕ ನೋಡಿ: ಘನ ಮೀಟರಿಗೆ 10 ಮೈಕ್ರೋಗ್ರಾಂ ಇದ್ದರೆ ಆ 10 ಮಿ.ಲೀ.ಯಲ್ಲಿ ಸಿಗುವುದು 0.8 ಮೈಕ್ರೋಗ್ರಾಂ, ಅಂದರೆ ಬರೀ 0.024 ಅಬ್ಸಾರ್ಬೆನ್ಸ್ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂಬ ಓದು). ಎರಡು ಡಿಗ್ರಿ ಏರುಪೇರಾದರೆ ಅಷ್ಟೂ ನುಂಗಿಹೋಯಿತು! 24 ಗಂಟೆಯ ಮಿತಿ ಘನ ಮೀಟರಿಗೆ 80 ಮೈಕ್ರೋಗ್ರಾಂ ಇರುವುದರಿಂದ ಮಿತಿ ದಾಟಿದೆಯೋ ಇಲ್ಲವೋ ಹೇಳಬಹುದು, ಸಣ್ಣ ವ್ಯತ್ಯಾಸ ಹೇಳಲಾಗದು.

ದ್ರಾವಣವನ್ನು ಒಂದೇ ತಾಪಮಾನದಲ್ಲಿಡಬೇಕು, ಆದರೆ ಸಾದಾ ವಾಟರ್ ಬಾತ್ ಬಿಸಿ ಮಾಡುತ್ತದೆ, ತಂಪು ಮಾಡುವುದಿಲ್ಲ. ದಾವಣಗೆರೆ, ಹರಿಹರ ಕಡೆ ಕೂಲಿಂಗ್ ಬಾತ್ ಇರುವವರು ಒಂದು ವಾರ ಕೊಡಬಹುದೇ? ಇಲ್ಲವಾದರೆ ಬಾತ್ ಅನ್ನು 30 ಡಿಗ್ರಿಗೇ ನಿಲ್ಲಿಸಿ, ಕ್ಯಾಲಿಬ್ರೇಷನ್ ಕೂಡ ಅಲ್ಲೇ ಮಾಡಿದವರಿದ್ದರೆ ಸ್ಲೋಪ್ (ಪ್ರತಿ ಮೈಕ್ರೋಗ್ರಾಂಗೆ ಏರುವ ಅಬ್ಸಾರ್ಬೆನ್ಸ್) ಎಷ್ಟು ಬಂತು ತಿಳಿಸಿ. ಟಿಸಿಎಂನಲ್ಲಿ ಪಾದರಸ ಇರುವುದರಿಂದ ಬಳಸಿದ ದ್ರಾವಣವನ್ನು ಸಿಂಕಿಗೆ ಸುರಿಯದೆ ಕ್ಯಾನಿನಲ್ಲಿ ಕೂಡಿಟ್ಟಿದ್ದೇವೆ. ಅದನ್ನು ಯಾರಿಗೆ ಒಪ್ಪಿಸುತ್ತೀರಿ ಅಂತಲೂ ಹೇಳಿ ಸರ್, ಮೇಡಂ.