ರೈಝನ್ 7520ಯು ಹೊಸ ಜನರೇಶನ್ನೋ ಹಳೇದೋ? ಮತ್ತೆ ಒಂದು ಪ್ರೊಸೆಸರ್ ಡಿಸೈನಿಗೆ ಐದು ವರ್ಷ ಯಾಕೆ?

ಸಾಗರದ_ಹುಡುಗ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದ್ತಿದೀನಿ, ಮನೆ ಸಾಗರದ ಹತ್ರ. ಅಡಿಕೆ ದುಡ್ಡು ಬಂದಿದೆ ಲ್ಯಾಪ್‌ಟಾಪ್ ನೋಡು ಅಂದ್ರು ಅಪ್ಪ. ಇಲ್ಲಿ ಅಂಗಡೀಲಿ ಎರಡು ತೋರ್ಸಿದ್ರು, ಎರಡೂ ಎಎಂಡಿ ಕಂಪನಿ ಪ್ರೊಸೆಸರಿಂದು, ಒಂದು ರೈಝನ್ 5 7520ಯು, ಇನ್ನೊಂದು ರೈಝನ್ 5 7530ಯು, ಎರಡೂ 7000 ಸೀರೀಸ್, ಒಂದೇ ಜನರೇಶನ್, ಸುಮ್ನೆ ಕಮ್ಮಿ ರೇಟಿಂದು ತಗೊಳಿ ಅಂದ್ರು. ರೂಮಿಗೆ ಬಂದು ನೋಡಿದ್ರೆ 7520 ಒಳಗೆ ಇರೋದು ಎಎಂಡಿಯ ಝೆನ್ 2 ಅನ್ನೋ ಕೋರ್ ಡಿಸೈನ್ ಅಂತೆ, ಅದು 2019ರದ್ದು! ಇದು ಹೆಂಗೆ?

ಇನ್ನೊಂದು ಪ್ರಶ್ನೆ, ಇದಕ್ಕೆ ನಿಜವಾಗ್ಲೂ ಉತ್ತರ ಬೇಕು. ಮೊದಲನೇ ಝೆನ್ ಕೆಲಸ 2012ರಲ್ಲಿ ಶುರು ಆಗಿ ಮಾರ್ಕೆಟ್ಟಿಗೆ ಬಂದಿದ್ದು 2017ರ ಮಾರ್ಚಲ್ಲಿ ಅಂತ ಓದಿದೆ. ನಾವು ಲ್ಯಾಬಲ್ಲಿ ಒಂದೇ ಸೆಮಿಸ್ಟರಲ್ಲಿ ಐದು ಸ್ಟೇಜಿನ ಪೈಪ್‌ಲೈನ್ (ಅಂದ್ರೆ ಸಣ್ಣ ಪ್ರೊಸೆಸರ್) ವೆರಿಲಾಗ್ ಅನ್ನೋ ಚಿಪ್ ಬರೆಯೋ ಭಾಷೇಲಿ ಬರೆದು ಓಡಿಸ್ತೀವಿ. ಅಷ್ಟು ದೊಡ್ಡ ಕಂಪನಿಗೆ ಐದು ವರ್ಷ ಯಾಕೆ ಬೇಕು, ಅಷ್ಟು ದಿನ ಎಂತ ಮಾಡ್ತಾರೆ?

ತೀರ್ಥಹಳ್ಳಿ_ಸಿಸ್ಟಮ್ಸ್:
ಮೊದಲು ಲ್ಯಾಪ್‌ಟಾಪ್ ವಿಷ್ಯ ಹೇಳ್ತೀನಿ, ದುಡ್ಡು ಹೋಗೋದು ಅಲ್ಲಿ. ಆ ಸೀರೀಸ್ ಲ್ಯಾಪ್‌ಟಾಪ್ ಚಿಪ್ಪಲ್ಲಿ ಮೊದಲನೇ ಅಂಕಿ ನೋಡ್ಬೇಡ, ಮೂರನೇದು ನೋಡು. 7520 ಅಂದ್ರೆ ಝೆನ್ 2, 7530 ಅಂದ್ರೆ ಝೆನ್ 3, 7540 ಅಂದ್ರೆ ಝೆನ್ 4. ಮೊದಲನೇ ಅಂಕಿ ಯಾವ ವರ್ಷದ ಮಾಡೆಲ್ ಅಂತ ಹೇಳುತ್ತೆ ಅಷ್ಟೆ. 7520ಯುನಲ್ಲಿ 4 ಕೋರು, ಎಲ್3 ಕ್ಯಾಶೆ (ಚಿಪ್ ಒಳಗೇ ಇರೋ ವೇಗದ ಮೆಮೊರಿ) 4 ಎಂಬಿ. 7530ಯುನಲ್ಲಿ 6 ಕೋರು, ಕ್ಯಾಶೆ 16 ಎಂಬಿ. ಜೊತೆಗೆ 7520ಗೆ ಎಲ್‌ಪಿಡಿಡಿಆರ್5 ರ‍್ಯಾಮ್ ಮಾತ್ರ ಹಾಕ್ಬಹುದು, ಅದು ಬೋರ್ಡಿಗೇ ಬೆಸುಗೆ ಹಾಕಿರುತ್ತೆ, 8 ಜಿಬಿ ತಗೊಂಡ್ರೆ ಕಾಲೇಜು ಮುಗಿಯೋ ತನಕ 8 ಜಿಬಿನೇ. ನಿನ್ನ ಓದಿಗೆ ಅದು ಬೇಡ ಮಾರಾಯ. 7530 ತಗೋ, ಆದ್ರೆ ರ‍್ಯಾಮ್ ಸ್ಲಾಟ್ ಇರೋ ಮಾಡೆಲ್ಲಾ ಅಂತ ಕೇಳಿಯೇ ದುಡ್ಡು ಕೊಡು.

ಕೊಪ್ಪ_ಟು_ಬೆಂಗಳೂರು:
ತಮ್ಮಾ, ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ, ಬೆಂಗಳೂರಲ್ಲಿ ಚಿಪ್ ವೆರಿಫಿಕೇಶನ್ ಕೆಲಸ ನಂದು, ಅಂದ್ರೆ ಡಿಸೈನಲ್ಲಿ ತಪ್ಪು ಹುಡುಕೋದು, ಝೆನ್ ಮಾಡಿದ ಕಂಪನಿ ಅಲ್ಲ ಬೇರೆ.

ಝೆನ್ ಹುಟ್ಟಿದ್ದೇ ಕಷ್ಟದಲ್ಲಿ. 2011ರಲ್ಲಿ ಎಎಂಡಿ ಬುಲ್ಡೋಝರ್ ಅಂತ ಡಿಸೈನ್ ತಂತು, ಎರಡೆರಡು ಕೋರನ್ನ ಒಂದು ಮಾಡ್ಯೂಲ್ ಮಾಡಿ ಇನ್‌ಸ್ಟ್ರಕ್ಷನ್ ತರೋ ಭಾಗ, ದಶಮಾಂಶದ ಲೆಕ್ಕ ಮಾಡೋ ಫ್ಲೋಟಿಂಗ್ ಪಾಯಿಂಟ್ ಯೂನಿಟ್ ಎಲ್ಲ ಇಬ್ಬರಿಗೂ ಸೇರಿ ಒಂದೇ ಇಟ್ರು, ಕೋರಿನ ಲೆಕ್ಕ ಜಾಸ್ತಿ ಕಾಣ್ತಿತ್ತು ಆದ್ರೆ ಒಂದೊಂದು ಕೋರೂ ನಿಧಾನ. ಅದನ್ನ ರಿಪೇರಿ ಮಾಡ್ತಾ ಕೂರೋ ಬದ್ಲು ಹೊಸದಾಗಿ ಕೋರು ಬರೀಬೇಕು ಅಂತ ತೀರ್ಮಾನ ಆಯ್ತು. ಗುರಿ ಏನಂದ್ರೆ ಒಂದು ಕ್ಲಾಕ್ ಸೈಕಲ್ಲಲ್ಲಿ (ಚಿಪ್ಪಿನ ಒಂದು ಬಡಿತದಲ್ಲಿ) ಆಗೋ ಕೆಲಸ 40% ಜಾಸ್ತಿ ಆಗ್ಬೇಕು. ಕೊನೆಗೆ ಅವರೇ ಹೇಳಿದ ಲೆಕ್ಕ 52%. ಪ್ರತಿ ಕೋರಿಗೂ ಸ್ವಂತ ಫ್ಲೋಟಿಂಗ್ ಪಾಯಿಂಟ್ ಯೂನಿಟ್, ಒಂದ್ಸಲ ಡಿಕೋಡ್ ಆದ (ಬಿಡಿಸಿ ಓದಿದ) ಇನ್‌ಸ್ಟ್ರಕ್ಷನ್ನ ಮತ್ತೆ ಡಿಕೋಡ್ ಮಾಡ್ದೆ ಬಳಸೋಕೆ ಮೈಕ್ರೋ ಆಪ್ ಕ್ಯಾಶೆ, ಒಂದು ಕೋರಲ್ಲಿ ಎರಡು ಥ್ರೆಡ್ (ಒಟ್ಟಿಗೆ ಓಡೋ ಎರಡು ಕೆಲಸದ ಸಾಲು), ನಾಲ್ಕು ಕೋರಿಗೆ 8 ಎಂಬಿ ಎಲ್3, ಹೀಗೆ ಎಲ್ಲಾನೂ ಬದಲಾಯ್ಸಿದ್ರು.

ಈಗ ಸಮಯದ ಮಾತು. ಮೊದಲು ಆರ್ಕಿಟೆಕ್ಚರ್ ಮಾಡೆಲ್ ಮಾಡಿ ಯಾವ ಕ್ಯಾಶೆ ಎಷ್ಟಿರ್ಬೇಕು ಅಂತ ಪರೀಕ್ಷೆ ಮಾಡ್ತಾರೆ, ಆಮೇಲೆ ಆರ್‌ಟಿಎಲ್ (ವೆರಿಲಾಗ್ ಥರ ಕೋಡಲ್ಲಿ ಚಿಪ್ ಬರೆಯೋದು), ಆಮೇಲೆ ಅದನ್ನ ಸಿಲಿಕಾನ್ ಮೇಲೆ ಜೋಡ್ಸೋ ಫಿಸಿಕಲ್ ಡಿಸೈನ್, ಟೇಪ್‌ಔಟ್ (ಮುಗಿದ ಡಿಸೈನ್ ಫ್ಯಾಕ್ಟರಿಗೆ ಕಳಿಸೋದು). ಆದ್ರೆ ನಿಜವಾಗಿ ಕಾಲ ತಿನ್ನೋದು ವೆರಿಫಿಕೇಶನ್. 3 ಗಿಗಾಹರ್ಟ್ಸ್ ಚಿಪ್ ಸೆಕೆಂಡಿಗೆ 300 ಕೋಟಿ ಸೈಕಲ್ ಓಡುತ್ತೆ. ಪೂರ್ತಿ ಕೋರನ್ನ ಸಿಮ್ಯುಲೇಟರಲ್ಲಿ ಸೆಕೆಂಡಿಗೆ ಸಾವಿರ ಸೈಕಲ್ ಓಡಿಸ್ತೀವಿ ಅಂತ ಇಟ್ಕೊ, ಆ ಒಂದು ಸೆಕೆಂಡಿನ ಕೆಲಸ ನೋಡೋಕೆ ತಿಂಗಳ ಮೇಲಾಗುತ್ತೆ. ನಿಮ್ಮ ಲ್ಯಾಬ್ ಪೈಪ್‌ಲೈನು ಇಪ್ಪತ್ತು ಇನ್‌ಸ್ಟ್ರಕ್ಷನ್ ಸರಿಯಾಗಿ ಓಡ್ಸಿದ್ರೆ ಮಾರ್ಕ್ಸ್ ಬರುತ್ತೆ, ಇಲ್ಲಿ ಎರಡು ಥ್ರೆಡ್ ಒಂದೇ ಅಡ್ರೆಸ್ ಮುಟ್ಟೋ ಹೊತ್ತಿಗೇ ಬ್ರಾಂಚ್ ಊಹೆ (ಪ್ರೋಗ್ರಾಮ್ ಮುಂದೆ ಯಾವ ದಾರಿ ಹಿಡಿಯುತ್ತೆ ಅನ್ನೋ ಚಿಪ್ಪಿನ ಊಹೆ) ತಪ್ಪಿ ಅದೇ ಹೊತ್ತಿಗೆ ಇಂಟರಪ್ಟ್ (ಕೆಲಸ ನಿಲ್ಸಿ ಇದನ್ನ ನೋಡು ಅನ್ನೋ ಸಿಗ್ನಲ್) ಬಂದ್ರೆ ಏನಾಗುತ್ತೆ ಅಂತ ನೋಡ್ಬೇಕು. 1994ರಲ್ಲಿ ಇಂಟೆಲ್ ಪೆಂಟಿಯಮ್‌ನಲ್ಲಿ ಭಾಗಾಕಾರದ ಟೇಬಲ್ಲಲ್ಲಿ ಐದು ಎಂಟ್ರಿ ಬಿಟ್ಟುಹೋಗಿತ್ತು, ಅದಕ್ಕೆ ಕಂಪನಿ 47.5 ಕೋಟಿ ಡಾಲರ್ ತೆತ್ತಿತು. ಸಾಫ್ಟ್‌ವೇರ್ ಥರ ನಾಳೆ ಅಪ್‌ಡೇಟ್ ಕೊಡ್ತೀನಿ ಅನ್ನೋ ಹಂಗಿಲ್ಲ. ಟೇಪ್‌ಔಟ್ ಆದ್ಮೇಲೆ ಚಿಪ್ ಕೈಗೆ ಬರೋಕೇ ತಿಂಗಳುಗಟ್ಟಲೆ, ಬಂದ ಚಿಪ್ಪಲ್ಲಿ ತಪ್ಪು ಸಿಕ್ಕಿದ್ರೆ ತಿದ್ದಿ ಮತ್ತೆ ಕಳಿಸ್ಬೇಕು.

ನಮ್ಮೂರ ಕಡೆ ಅಡಿಕೆ ಸಸಿ ಇಟ್ಟಂಗೇ ಇದು, ಫಸಲು ಬರೋ ವರ್ಷದ ರೇಟು ಇವತ್ತು ಗೊತ್ತಿಲ್ಲ, ಆದ್ರೂ ಇವತ್ತೇ ನೆಡ್ಬೇಕು.

ಶರಾವತಿ_ಕರೆಂಟ್:
ಝೆನ್ ಅಂದ್ರೆ ಚಿಪ್ ಡಿಸೈನರ್ ಜಿಮ್ ಕೆಲ್ಲರ್. ಒಬ್ಬ ಮನುಷ್ಯ ಬಂದು ಕಂಪನಿ ಉಳಿಸಿದ, ಅಷ್ಟೇ ಕಥೆ.

ಕೊಪ್ಪ_ಟು_ಬೆಂಗಳೂರು:
ಅಷ್ಟೇ ಅಲ್ಲ ಸರ್. ಕೆಲ್ಲರ್ 2012ರ ಆಗಸ್ಟಲ್ಲಿ ಎಎಂಡಿಗೆ ವಾಪಸ್ ಬಂದ್ರು, ಟೀಮ್ ಕಟ್ಟಿದ್ರು, ದಾರಿ ಹಾಕಿದ್ರು, ದೊಡ್ಡ ಕೆಲಸಾನೇ. ಆದ್ರೆ 2015ರ ಸೆಪ್ಟೆಂಬರಲ್ಲೇ ಬಿಟ್ಟು ಹೋದ್ರು, ಚಿಪ್ ಬಂದಿದ್ದು ಅದಾಗಿ ಒಂದೂವರೆ ವರ್ಷಕ್ಕೆ. ಕೋರಿನ ಮುಖ್ಯ ಆರ್ಕಿಟೆಕ್ಟ್ ಮೈಕ್ ಕ್ಲಾರ್ಕ್, ಟೀಮ್ ನಡೆಸಿದವರು ಸುಝಾನ್ ಪ್ಲಮ್ಮರ್. ಇವರ ಹೆಸರು ಯಾರೂ ಹೇಳಲ್ಲ ಅಂತ ನಂಗೆ ನಿಜವಾಗ್ಲೂ ಬೇಜಾರು. ಅವರ ಜೊತೆ ರಾತ್ರಿ ಹಗಲು ಬಗ್ ಹುಡುಕಿದವರ ಹೆಸರಂತೂ ಎಲ್ಲೂ ಬರಲ್ಲ.

ಸಾಗರದ_ಹುಡುಗ:
ತುಂಬಾ ಥ್ಯಾಂಕ್ಸ್ ಅಣ್ಣ. ಹಂಗಾದ್ರೆ ಪ್ರತಿ ಜನರೇಶನ್ನಿಗೂ ಐದು ವರ್ಷ ಬೇಕಲ್ವಾ, ಝೆನ್ 2 ಎರಡೇ ವರ್ಷಕ್ಕೆ ಹೆಂಗೆ ಬಂತು?

ಕೊಪ್ಪ_ಟು_ಬೆಂಗಳೂರು:
ಒಂದು ಮುಗಿದ ಮೇಲೆ ಇನ್ನೊಂದು ಶುರು ಮಾಡಲ್ಲ. ಒಂದು ಟೀಮ್ ಮೊದಲನೇದರ ಬಗ್ ತೆಗೀತಿರುವಾಗ ಇನ್ನೊಂದು ಟೀಮ್ ಮುಂದಿನದ್ದು ಬರೀತಿರುತ್ತೆ. ಝೆನ್ 2ರಲ್ಲಿ ದೊಡ್ಡ ಯೋಚನೆ ಚಿಪ್‌ಲೆಟ್: ಕೋರುಗಳನ್ನ ಮಾತ್ರ ಚಿಪ್ ತಯಾರಿಸೋ ಕಂಪನಿ ಟಿಎಸ್‌ಎಂಸಿಯ 7 ನ್ಯಾನೋಮೀಟರ್ ಪ್ರೋಸೆಸ್ಸಲ್ಲಿ, ಸುಮಾರು 74 ಚದರ ಮಿಲಿಮೀಟರಿನ ಸಣ್ಣ ತುಂಡು ಮಾಡಿದ್ರು, ಮೆಮೊರಿ ಕಂಟ್ರೋಲರ್ ಇತ್ಯಾದಿ ಹಳೇ ಅಗ್ಗದ ಪ್ರೋಸೆಸ್ಸಲ್ಲಿ ಬೇರೆ ತುಂಡು. ತುಂಡು ಸಣ್ಣದಾದಷ್ಟೂ ವೇಫರಲ್ಲಿ (ಚಿಪ್ ಕತ್ತರಿಸೋ ಸಿಲಿಕಾನ್ ಬಿಲ್ಲೇಲಿ) ಹಾಳಾಗೋದು ಕಮ್ಮಿ. ಝೆನ್ 3ರಲ್ಲಿ, 2020ರಲ್ಲಿ, ಎಂಟೂ ಕೋರಿಗೆ ಒಂದೇ 32 ಎಂಬಿ ಎಲ್3 ಕೊಟ್ಟು, ಒಂದು ಸೈಕಲ್ಲಲ್ಲಿ ಆಗೋ ಕೆಲಸ ಇನ್ನೂ 19% ಜಾಸ್ತಿ ತೆಗೆದ್ರು. ಈ ಎರಡೂ ಡೆಸ್ಕ್‌ಟಾಪ್ ಲೆಕ್ಕ, ನೀನು ನೋಡ್ತಿರೋ ಲ್ಯಾಪ್‌ಟಾಪ್ ಚಿಪ್ಪು ಒಂದೇ ತುಂಡು, ಅದ್ಕೇ 7530ರಲ್ಲಿ 16 ಎಂಬಿ. ಕೋರು ಮಾತ್ರ ಅದೇ ಝೆನ್ 3.

ತೀರ್ಥಹಳ್ಳಿ_ಸಿಸ್ಟಮ್ಸ್:
ಸ್ಲಾಟ್ ವಿಷ್ಯ ಅಂಗಡಿಯವ್ರು ಗೊತ್ತಿಲ್ಲ ಅಂದ್ರೆ ಪೂರ್ತಿ ಮಾಡೆಲ್ ನಂಬರ್ ಇಲ್ಲಿ ಹಾಕು, ನೋಡಿ ಹೇಳ್ತೀನಿ.