ಹೊಲದ ಗೇಟ್ ನಾವೇ ಮಾಡಬೇಕು: ಕಂಬ, ಪೈಪು, ವೆಲ್ಡಿಂಗ್ ಬಲ್ಲವರು ಹೇಳ್ರಿ

ಕೇಳಿದ್ದು (ಅಣ್ಣಿಗೇರಿ ಕಡೆಯಿಂದ):
ನಮಸ್ಕಾರ್ರಿ. ಎರೆ ಹೊಲ, ದಾರಿ ಬಾಯಿಗೆ ಎರಡು ಬಾಗಿಲಿನ ಗೇಟ್ ಬೇಕು. ಅಗಲ 12 ಅಡಿ, ಎತ್ತರ 4 ಅಡಿ. 200 ಆಂಪಿಯರ್ ಇನ್ವರ್ಟರ್ ವೆಲ್ಡಿಂಗ್ ಮಷಿನ್, 4 ಇಂಚಿನ ಗ್ರೈಂಡರ್ ಐತಿ. ಮಷಿನ್ನೂ ಹೊಸದು, ಕೈಯೂ ಹೊಸದು. 40×40 ಎಂಎಂ ಚೌಕ ಪೈಪ್ ತರೋಣಂತ ವಿಚಾರ. ಎಷ್ಟು ತರಬೇಕು, ಎಲ್ಲಿಂದ ಶುರು ಮಾಡಬೇಕು, ಏನೇನು ಕೆಡತೈತಿ?

ನವಲಗುಂದ:
ಪೈಪ್ ಆಮ್ಯಾಲೆ ತರ್ರಿ, ಮೊದಲು ಕಂಬ ನಿಲ್ಲಸ್ರಿ. ನಮ್ಮ ಭಾಗದಾಗ ಗೇಟ್ ಕೆಡೋದು ವೆಲ್ಡಿಂಗ್ ಬಿಟ್ಟು ಅಲ್ಲ, ಕಂಬ ವಾಲಿ. ಎರೆ ಮಣ್ಣು ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರುಕು ಬಿಡತೈತಿ. ಪ್ರತಿ ವರ್ಷ ಕಂಬಾನ ಅಷ್ಟಷ್ಟು ಅಲುಗಾಡಸತೈತಿ.

ಕಂಬಕ್ಕ 75×75, 3 ಎಂಎಂ ದಪ್ಪದ ಪೈಪ್ ಸಾಕು. 8 ಅಡಿ ಉದ್ದ, ಮೂರುವರೆ ಅಡಿ ನೆಲದಾಗ. ತಗ್ಗು ಒಂದೂವರೆ ಅಡಿ ಚೌಕ. ಅಷ್ಟರಾಗ ಗರಸು ಹತ್ತಲಿಲ್ಲಂದ್ರ ಇನ್ನೊಂದು ಅಡಿ ಇಳೀರಿ, ಕಂಬಾನೂ ಅಷ್ಟು ಉದ್ದ ಮಾಡ್ರಿ. ತಗ್ಗಿನ ತಳ ಮ್ಯಾಲಿಗಿಂತ ಅಗಲ ಇರಬೇಕು. ಮ್ಯಾಲೆ ಅಗಲ, ಕೆಳಗ ಸಣ್ಣ ಆತಂದ್ರ ಉಬ್ಬಿದ ಮಣ್ಣು ಕಾಂಕ್ರೀಟನ್ನ ಗೂಟ ಎತ್ತಿದಂಗ ಎತ್ತತೈತಿ. ಸಿಮೆಂಟ್ 1, ಉಸುಕು 2, ಖಡಿ 4. ಮೂರುವರೆ ಅಡಿ ತಗ್ಗಾದ್ರ ಎರಡೂ ಕಂಬಕ್ಕ ಕೂಡಿ ಮೂರರಿಂದ ಮೂರುವರೆ ಚೀಲ ಸಿಮೆಂಟ್ ಹಿಡಿತೈತಿ. ಸುತ್ತ ತುಂಬೋದಿದ್ರ ಎರೆ ಮಣ್ಣು ಬ್ಯಾಡ, ಗರಸು ಹಾಕಿ ಗುದ್ರಿ. ಏಳು ದಿನ ನೀರು ಹಾಕ್ರಿ, ಅಲ್ಲೀತನಕ ಬಾಗಿಲು ತೂಗಹಾಕಬ್ಯಾಡ್ರಿ. ಕಾಂಕ್ರೀಟ್ ಬಿಗಿಯಾದ ಮ್ಯಾಲೆ ಕಂಬದ ನಡುವಿನ ಅಂತರ ಮ್ಯಾಲೆ, ಕೆಳಗ ಎರಡೂ ಕಡೆ ಅಳೀರಿ. ಆ ಅಳತಿ ಮ್ಯಾಲೇನ ಪೈಪ್ ಕತ್ತರಿಸಬೇಕು.

ಗದಗ-ಬೆಟಗೇರಿ:
ಕಂಬದ ಮಾತು ಪೂರ್ತಿ ಒಪ್ಪತಕ್ಕದ್ದು. ಈಗ ಪೈಪಿನ ಲೆಕ್ಕ.

ಅಂಗಡಿಯಲ್ಲಿ "20 ಅಡಿ ಪೈಪ್" ಅನ್ನುತ್ತಾರೆ, ಬರುವುದು 6 ಮೀಟರ್, ಅಂದರೆ 19 ಅಡಿ 8 ಇಂಚು. ಒಂದು ಬಾಗಿಲಿಗೆ 6, 6, 4, 4 ಎಂದು ಗುರುತು ಹಾಕಿದವರಿಗೆ ಕೊನೆಯ ತುಂಡು 4 ಇಂಚು ಕಡಿಮೆ ಬೀಳುತ್ತದೆ. ಹಾಗೆ ನೋಡಿದರೆ ಬಾಗಿಲು 6 ಅಡಿ ಇರಲೂಬಾರದು. ಬಿಜಾಗರಿಗೆ ಎರಡೂ ಬದಿ ಒಂದೊಂದು ಇಂಚು, ನಡುವೆ 2 ಇಂಚು ಸಂದು ಬೇಕು. ಆದ್ದರಿಂದ ಒಂದೊಂದು ಬಾಗಿಲು 5 ಅಡಿ 10 ಇಂಚು. ಅಡ್ಡ ಪೈಪ್ 1778 ಎಂಎಂನವು ಎರಡು. ನಿಲುವು ಪೈಪ್ ಅವುಗಳ ನಡುವೆ ಕೂರುವುದರಿಂದ 4 ಅಡಿಯಲ್ಲಿ 80 ಎಂಎಂ ಕಳೆದು 1139ರವು ಎರಡು. ಒಟ್ಟು 5834 ಎಂಎಂ. ಒಂದೇ ಪೈಪಿನಲ್ಲಿ ಬಾಗಿಲು ಮುಗಿದು ಅರ್ಧ ಅಡಿ ಉಳಿಯುತ್ತದೆ, ಚಿಲಕದ ಕೆಲಸಕ್ಕೆ ಬರುತ್ತದೆ.

ಮೂರನೇ ಪೈಪ್ ಎರಡೂ ಬಾಗಿಲಿನ ಓರೆ ಆಧಾರಕ್ಕೆ. ಅದರಲ್ಲಿ ಐದು ಅಡಿಗೂ ಹೆಚ್ಚು ಮಿಗುತ್ತದೆ. ಅದನ್ನು ತುಂಡು ಮಾಡಿ ಮೊದಲು ಕೈ ಕೂಡಿಸಿಕೊಳ್ಳಿ, ನೇರವಾಗಿ ಗೇಟಿನ ಮೇಲೆ ಕಲಿಯಬೇಡಿ.

ನಡುವಿನ ಸರಳು 10 ಎಂಎಂ, ಬಾಗಿಲಿಗೆ 11. ಸಂದು ಸುಮಾರು 5 ಇಂಚು ಬರುತ್ತದೆ. ಕುರಿಮರಿ ನುಗ್ಗುವ ಕಡೆಯಾದರೆ ಕೆಳಗಿನ ಅರ್ಧಕ್ಕೆ ಜಾಳಿಗೆ ಕಟ್ಟಿ. ಸರಳನ್ನು 4 ಅಡಿ ಕತ್ತರಿಸಿದರೆ 6 ಮೀಟರಿನಲ್ಲಿ ನಾಲ್ಕೇ ಬರುತ್ತವೆ. 3 ಅಡಿ 11 ಇಂಚು ಕತ್ತರಿಸಿದರೆ ಐದು. ಫ್ರೇಮಿನ ಮುಖದ ಮೇಲೆ ಕೂಡಿಸುವುದರಿಂದ ಒಂದಿಂಚು ಕಡಿಮೆಯಾದರೂ ಪೈಪಿನ ಮೇಲೆ ಹಿಡಿತ ಸಾಕಷ್ಟಿರುತ್ತದೆ. ಆರರ ಬದಲು ಐದು ಸರಳು ತಂದರಾಯಿತು. 2 ಎಂಎಂ ದಪ್ಪದ ಪೈಪಾದರೆ ಒಂದು ಬಾಗಿಲು 27 ಕೆಜಿ ಆಸುಪಾಸು ತೂಗುತ್ತದೆ.

ರಾಣೆಬೆನ್ನೂರು:
ಗೋವಿನಜೋಳಕ್ಕೆ ಕಟಾವು ಮಷಿನ್ ತರಿಸುವವರಾದರೆ 12 ಅಡಿ ಸಾಲದು. ಕಟರ್ ಬಾರೇ 14 ಅಡಿ ಆಸುಪಾಸು ಇರುವ ಮಷಿನ್ ಇವೆ. 16 ಅಡಿ ಬಿಡಿ, ಕಂಬ 100×100 ಹಾಕಿ. ಟ್ರ್ಯಾಕ್ಟರ್, ಟ್ರೇಲರ್ ಅಷ್ಟೇ ಅಂದರೆ 12 ಸಾಕು.

ಕೇಳಿದವರು:
ಕಟಾವು ಮಷಿನ್ ಬ್ಯಾರೆ ದಾರಿಲೆ ಬರತೈತ್ರಿ, 12 ಸಾಕು. ಓರೆ ಪೈಪ್ ಯಾವ ಮೂಲಿಯಿಂದ ಯಾವ ಮೂಲಿಗೆ? ಮತ್ತ ಪೈಪ್ ತೂತು ಬೀಳದಂಗ ವೆಲ್ಡಿಂಗ್ ಹೆಂಗ?

ಗದಗ-ಬೆಟಗೇರಿ:
ಬಿಜಾಗರಿ ಬದಿಯ ಕೆಳಮೂಲೆಯಿಂದ ಚಿಲಕದ ಬದಿಯ ಮೇಲ್ಮೂಲೆಗೆ. ಆಗ ಬಾಗಿಲಿನ ಭಾರ ಪೈಪನ್ನು ಒತ್ತುತ್ತದೆ, ಪೈಪ್ ಒತ್ತಡವನ್ನು ತಾಳುತ್ತದೆ. ಪೈಪಿನ ಬದಲು ತೆಳ್ಳನೆ ಸರಳು ಅಥವಾ ಪಟ್ಟಿ ಹಾಕುವವರು ಉಲ್ಟಾ ಹಾಕಬೇಕು: ಬಿಜಾಗರಿ ಬದಿಯ ಮೇಲಿನಿಂದ ಚಿಲಕದ ಬದಿಯ ಕೆಳಕ್ಕೆ. ಸರಳು ಎಳೆತ ತಡೆಯುತ್ತದೆ, ಒತ್ತಿದರೆ ಬಾಗುತ್ತದೆ.

2 ಎಂಎಂ ಪೈಪಿಗೆ 3.15ರ ರಾಡ್ ಹಿಡಿದರೆ ತೂತು ಖಚಿತ. 2.5 ಎಂಎಂ, 6013 ನಂಬರಿನ ರಾಡ್, 65ರಿಂದ 75 ಆಂಪಿಯರ್. ಒಂದೊಂದು ಇಂಚು ಹಾಕಿ ನಿಲ್ಲಿಸಿ, ಆರಲು ಬಿಡಿ. ತಂಪು ಹಿಡಿದ ರಾಡ್ ಚಿಟಚಿಟ ಸಿಡಿಯುತ್ತದೆ, ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಉದ್ದನೆ ಸಣ್ಣ ವೈರಿನಲ್ಲಿ ಕರೆಂಟ್ ಎಳೆದರೆ ವೋಲ್ಟೇಜ್ ಬಿದ್ದು ರಾಡ್ ಅಂಟಿಕೊಳ್ಳುತ್ತದೆ; ಆಗ ಮಷಿನ್ ಮೇಲೆ ತಪ್ಪು ಹೊರಿಸಬೇಡಿ, 4 ಚದರ ಎಂಎಂ ತಾಮ್ರದ ವೈರ್ ತನ್ನಿ.

ಫ್ರೇಮನ್ನು ಇಟ್ಟಂಗಿ ಮೇಲೆ ಮಟ್ಟ ನೋಡಿ ಇಟ್ಟು, ನಾಲ್ಕೂ ಮೂಲೆಗೆ ಚುಕ್ಕಿ ವೆಲ್ಡ್ ಮಾತ್ರ ಹಾಕಿ. ಕರ್ಣ ಎರಡೂ ಅಳೆಯಿರಿ, ಹೊರಗಿಂದ ಹೊರಕ್ಕೆ ಎರಡೂ 7 ಅಡಿ 1 ಇಂಚಿಗೆ ಸರಿಸುಮಾರು ಬರಬೇಕು. 3 ಎಂಎಂಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉದ್ದನೆಯ ಕರ್ಣದ ಮೂಲೆಗೆ ಬಡಿದು ಸರಿ ಮಾಡಿ. ಆಮೇಲೆ ಒಂದು ಮೂಲೆ, ನಂತರ ಅದರ ಎದುರು ಮೂಲೆ, ಹೀಗೆ ಪೂರ್ತಿ ಮಾಡಿ. ಒಂದೇ ಬದಿಯಿಂದ ಸಾಲಾಗಿ ಹೊಡೆದರೆ ಕಾವಿಗೆ ಫ್ರೇಮ್ ತಿರುಚುತ್ತದೆ.

ಹಾವೇರಿ:
ಬಣವಿ ಹತ್ತಿರ ವೆಲ್ಡಿಂಗ್, ಗ್ರೈಂಡರ್ ಎರಡೂ ಬೇಡ. ಕಿಡಿ ಬಿದ್ದದ್ದು ತಾಸಿನ ಮೇಲೂ ಹೊತ್ತೀತು. ಟೆರಿಲಿನ್ ಅಂಗಿ ಮೈಗೆ ಅಂಟುತ್ತದೆ, ಹತ್ತಿ ಬಟ್ಟೆ ಹಾಕಿಕೊಳ್ಳಿ. ಗ್ರೈಂಡರಿನ ಗಾರ್ಡ್ ತೆಗೆಯಬೇಡಿ. ಜಿಐ ಪೈಪ್ ತಂದಿದ್ದರೆ ಬೆಸುಗೆಯ ಜಾಗದ ಸತುವಿನ ಲೇಪ ಉಜ್ಜಿ ತೆಗೆದು, ಬಯಲಲ್ಲೇ ಮಾಡಿ. ಅದರ ಹೊಗೆಗೆ ರಾತ್ರಿ ಜ್ವರ ಬರುತ್ತದೆ.

ನವಲಗುಂದ:
ಉಳಿದದ್ದು ಹೇಳತೀನಿ. ಕೆಳಗಿನ ಬಿಜಾಗರಿ ಪಿನ್ ಮ್ಯಾಲ್ಮುಖ, ಮ್ಯಾಲಿನದು ಕೆಳಮುಖ ಇಡ್ರಿ, ಬಾಗಿಲು ಎತ್ತಿ ಒಯ್ಯಾಕ ಬರೂದಿಲ್ಲ. ನೆಲಕ್ಕ 4 ಇಂಚು ಸಂದು ಬಿಡ್ರಿ, ಹಸಿ ಎರೆ ಗಾಲಿಗೆ ಹತ್ತಿ ಬಂದು ಅಲ್ಲೇ ಗುಡ್ಡಿ ಆಗತೈತಿ. ಪೈಪಿನ ಬಾಯಿ ಎಲ್ಲಾ ಮುಚ್ರಿ, ತಳದ ಪೈಪಿಗೆ ಕೆಳಮುಖ ಒಂದು 6 ಎಂಎಂ ತೂತು ಇರಲಿ, ಒಳಗ ನೀರು ನಿಂತ್ರ ತುಕ್ಕು ಅಲ್ಲಿಂದನ ಶುರು. ಬೆಸುಗಿ ಮ್ಯಾಲಿನ ಕಿಟ್ಟ ಬಡಿದು, ಉಜ್ಜಿದ ದಿನಾನ ರೆಡ್ ಆಕ್ಸೈಡ್ ಹಚ್ರಿ. ನೆಲಕ್ಕ ಇಳಿಯೋ ಚಿಲಕದ ಪೈಪಿಗೆ ತಳ ಮುಚ್ಚಬ್ಯಾಡ್ರಿ. ಕೆಳಗ ಒಂದು ಪುಟ್ಟಿ ಖಡಿ ಹಾಕಿ ಅದರ ಮ್ಯಾಲೆ ಕೂಡಸ್ರಿ, ನೀರು ಇಳದು ಹೋಗತೈತಿ.