ಮನೆಯ ಸಿಮ್ ರೇಸಿಂಗ್ ರಿಗ್‌ಗೆ ಕಂಪನ ಕೂಡಿಸುವುದು: ಒಂದು ದೊಡ್ಡ ಶೇಕರ್ ಸಾಕೇ, ನಾಲ್ಕು ಬೇಕೇ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಮೂರನೆಯ ಮಹಡಿಯಲ್ಲಿರುವ ನನ್ನ ಮನೆಯಲ್ಲಿ ಸಿಮ್ ರೇಸಿಂಗ್ ರಿಗ್ (ಕಂಪ್ಯೂಟರಿನ ಕಾರ್ ಓಟದ ಆಟಕ್ಕೆ ಸೀಟು, ಸ್ಟಿಯರಿಂಗ್ ಕೂಡಿಸಿದ ಚೌಕಟ್ಟು) ಕಟ್ಟಿದ್ದೇನೆ. ಪೀಣ್ಯದಲ್ಲಿ ಅಳತೆಗೆ ಕತ್ತರಿಸಿ ತಂದ ಅಲ್ಯೂಮಿನಿಯಂ ಪ್ರೊಫೈಲ್‌ಗಳ ಚೌಕಟ್ಟು, ಗುಜರಿಯಲ್ಲಿ ಸಿಕ್ಕ ಹಳೆಯ ಕಾರಿನ ಸೀಟು, ಲಾಜಿಟೆಕ್ ಜಿ29 ಸ್ಟಿಯರಿಂಗ್ ಮತ್ತು ಅದರೊಡನೆ ಬಂದ ಪೆಡಲ್‌ಗಳು ಸದ್ಯದ ಸಾಮಗ್ರಿ. ಹೆಚ್ಚಾಗಿ ಆಡುವುದು ಅಸೆಟ್ಟೊ ಕೊರ್ಸಾ ಕಾಂಪಿಟಿಟ್ಸಿಯೋನೆ. ವಾರಾಂತ್ಯದಲ್ಲಿ ಡರ್ಟ್ ರ್‍ಯಾಲಿ 2.0.

ಮುಂಚಕ್ರಗಳ ಸ್ಥಿತಿಯನ್ನು ಸ್ಟಿಯರಿಂಗ್ ತಕ್ಕಮಟ್ಟಿಗೆ ಕೈಗೆ ತಿಳಿಸುತ್ತದೆ. ಆದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆದದ್ದಾಗಲಿ, ಹಿಂಚಕ್ರಗಳು ಜಾರತೊಡಗಿದ್ದಾಗಲಿ ಪರದೆಯ ಚಿತ್ರ ಓರೆಯಾದ ಮೇಲಷ್ಟೇ ನನಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಕಾರು ಕೈಬಿಟ್ಟು ಹೋಗಿರುತ್ತದೆ. ಈ ಕೊರತೆಯನ್ನು ತುಂಬಲು ಸೀಟಿಗೆ ಕಂಪನ ಕೊಡುವ ಶೇಕರ್ ಅಳವಡಿಸಬೇಕೆಂದಿದ್ದೇನೆ. ಆಟದ ಧ್ವನಿಯನ್ನೇ ಆಂಪ್ಲಿಫೈಯರ್ ಮೂಲಕ ಶೇಕರ್‌ಗೆ ಕೊಟ್ಟರೆ ಸಾಕೆಂದು ಕೆಲವರು, ಟೆಲಿಮೆಟ್ರಿಯಿಂದಲೇ, ಅಂದರೆ ಆಟ ಹೊರಗೆ ಕೊಡುವ ಕಾರಿನ ಅಂಕಿಸಂಖ್ಯೆಗಳಿಂದಲೇ, ಮಾಡಬೇಕೆಂದು ಕೆಲವರು ಹೇಳುತ್ತಾರೆ. ಸೀಟಿನ ಕೆಳಗೆ ಬಲಶಾಲಿಯಾದ ಒಂದೇ ಶೇಕರ್ ಇಡುವುದು ಒಳ್ಳೆಯದೇ, ನಾಲ್ಕು ಮೂಲೆಗಳಿಗೆ ನಾಲ್ಕು ಚಿಕ್ಕವನ್ನು ಇಡುವುದೇ? ಎಲ್ಲಕ್ಕಿಂತ ಮುಖ್ಯವಾಗಿ, ಕೆಳಗಿನ ಮನೆಯಲ್ಲಿ ವಯಸ್ಸಾದ ದಂಪತಿಗಳಿದ್ದಾರೆ. ಅವರ ನಿದ್ದೆ ಕೆಡದಂತೆ ಇದನ್ನು ಮಾಡಲು ಸಾಧ್ಯವೇ?

ಹಿಂಚಕ್ರ

ಧ್ವನಿಯೋ ಟೆಲಿಮೆಟ್ರಿಯೋ ಎಂಬ ಪ್ರಶ್ನೆಯನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ, ಏಕೆಂದರೆ ಉಳಿದ ನಿರ್ಧಾರಗಳೆಲ್ಲ ಅದರ ಮೇಲೆ ನಿಂತಿವೆ. ಆಟದ ಧ್ವನಿಯಲ್ಲಿ ಕಡಿಮೆ ಆವರ್ತನದ ಭಾಗವನ್ನು ಬಹುಪಾಲು ಎಂಜಿನ್ನೇ ತುಂಬಿಕೊಂಡಿರುತ್ತದೆ. ಅದನ್ನು ಹಾಗೆಯೇ ಸೀಟಿಗೆ ಕಳಿಸಿದರೆ ಓಟದುದ್ದಕ್ಕೂ ಸೀಟು ಅದುರುತ್ತಲೇ ಇರುತ್ತದೆ, ಮತ್ತು ನಿಮಗೆ ಬೇಕಾದ ಟೈರಿನ ಸುದ್ದಿ ಅದರಡಿಯಲ್ಲಿ ಹೂತುಹೋಗುತ್ತದೆ. ನಿರಂತರ ಕಂಪನಕ್ಕೆ ಚರ್ಮ ಬೇಗ ಒಗ್ಗಿಕೊಳ್ಳುವುದರಿಂದ ಕೆಲವು ನಿಮಿಷಗಳ ನಂತರ ಸಣ್ಣ ವ್ಯತ್ಯಾಸಗಳು ಅರಿವಿಗೇ ಬರುವುದಿಲ್ಲ. ಟೆಲಿಮೆಟ್ರಿಯ ದಾರಿ ಹಾಗಲ್ಲ. ಪ್ರತಿ ಚಕ್ರದ ವೇಗ, ಸಸ್ಪೆನ್ಷನ್‌ನ ಚಲನೆ, ಕಾರಿನ ವೇಗ ಮುಂತಾದ ಸಂಖ್ಯೆಗಳನ್ನು ಆಟವೇ ಹೊರಗೆ ಕೊಡುತ್ತದೆ. ಅವುಗಳಲ್ಲಿ ಯಾವುದು ಕಂಪನವಾಗಬೇಕು, ಯಾವುದು ಬೇಡ ಎಂಬುದನ್ನು ನೀವು ನಿರ್ಧರಿಸುತ್ತೀರಿ.

ಉಚಿತವಾಗಿಯೂ ಬಳಸಬಹುದಾದ ಸಿಮ್‌ಹಬ್ ತಂತ್ರಾಂಶದ ಶೇಕ್‌ಇಟ್ ವಿಭಾಗ ಈ ಕೆಲಸಕ್ಕೆಂದೇ ಇದೆ. ಕಾಂಪಿಟಿಟ್ಸಿಯೋನೆ ತನ್ನ ಮಾಹಿತಿಯನ್ನು ಕಂಪ್ಯೂಟರಿನ ಹಂಚಿಕೆಯ ಮೆಮೊರಿಯಲ್ಲಿ ಇಡುತ್ತದೆ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಕರ್ಬ್‌ಗಳ (ಟ್ರ್ಯಾಕಿನ ಅಂಚಿನ ಉಬ್ಬುಗಳ) ಕಂಪನಕ್ಕೆ ಪ್ರತ್ಯೇಕ ಮೌಲ್ಯಗಳನ್ನೇ ಕೊಡುತ್ತದೆ. ಡರ್ಟ್ ರ್‍ಯಾಲಿ 2.0 ಯುಡಿಪಿ ಎಂಬ ನೆಟ್‌ವರ್ಕ್ ವಿಧಾನದ ಮೂಲಕ ಮಾಹಿತಿ ಕಳಿಸುವ ಆಟ. ಅದರ ಹಾರ್ಡ್‌ವೇರ್ ಸೆಟ್ಟಿಂಗ್ಸ್ ಕಡತದಲ್ಲಿ ಯುಡಿಪಿಯನ್ನು ಚಾಲೂ ಮಾಡಿ, ಪೋರ್ಟ್ 20777 ಎಂದಿರುವುದನ್ನು ಖಚಿತಪಡಿಸಿಕೊಂಡರೆ ನಾಲ್ಕೂ ಚಕ್ರಗಳ ವೇಗ ಮತ್ತು ಸಸ್ಪೆನ್ಷನ್ ವೇಗ ದೊರೆಯುತ್ತವೆ. ಚಕ್ರದ ವೇಗ ಕಾರಿನ ವೇಗಕ್ಕಿಂತ ತೀರಾ ಕೆಳಗಿಳಿದರೆ ಲಾಕ್, ಮೇಲೇರಿದರೆ ಸುತ್ತುತ್ತಿರುವ ಚಕ್ರ. ಇಷ್ಟು ಸರಳ ಲೆಕ್ಕದಿಂದಲೇ ನಿಮ್ಮ ಕೊರತೆಯ ಅರ್ಧ ತುಂಬುತ್ತದೆ.

ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಿಜವಾದ ಕಾರಿನ ಹಿಂಭಾಗ ಜಾರಿದಾಗ ದೇಹಕ್ಕೆ ತಿಳಿಯುವುದು ಕಂಪನದಿಂದಲ್ಲ, ಇಡೀ ಶರೀರವನ್ನು ಪಕ್ಕಕ್ಕೆ ತಳ್ಳುವ ವೇಗೋತ್ಕರ್ಷದಿಂದ. ಅದನ್ನು ಯಾವ ಶೇಕರ್ ಕೂಡ ಕೊಡಲಾರದು. ನಾವು ಮಾಡುವುದೇನೆಂದರೆ ಆ ಸುದ್ದಿಯನ್ನು ಕಂಪನದ ಸಂಕೇತವಾಗಿ ಬದಲಾಯಿಸುವುದು. ಆದ್ದರಿಂದ ಸಂಕೇತಗಳು ಕಡಿಮೆಯಿರಬೇಕು, ಒಂದರಂತೆ ಇನ್ನೊಂದು ಇರಬಾರದು, ಮತ್ತು ಅವು ದೇಹದ ಸರಿಯಾದ ಜಾಗಕ್ಕೆ ತಲುಪಬೇಕು. ಬ್ರೇಕ್ ಲಾಕ್ ಮತ್ತು ಎಬಿಎಸ್ ಪಾದಕ್ಕೆ, ಹಿಂಚಕ್ರದ ಜಾರುವಿಕೆ ಸೊಂಟಕ್ಕೆ ಎಂದು ಹಂಚಿದರೆ ಮನಸ್ಸು ಯೋಚಿಸುವ ಮೊದಲೇ ಕಾಲು ಹಗುರವಾಗುತ್ತದೆ. ಶೇಕರ್‌ನ ವ್ಯಾಟ್‌ಗಿಂತ ಅದು ಎಲ್ಲಿ ಕೂತಿದೆ ಎಂಬುದು ಮುಖ್ಯವೆಂದು ನಾನು ದೃಢವಾಗಿ ನಂಬುತ್ತೇನೆ. ಸೀಟಿನಡಿಯ ಒಂದೇ ದೊಡ್ಡ ಶೇಕರ್ ಎಷ್ಟೇ ಬಲಶಾಲಿಯಾಗಿದ್ದರೂ ಮುಂದು ಹಿಂದುಗಳ ಭೇದವನ್ನು ಹೇಳಲಾರದು.

ಜಾರುವಿಕೆಯ ಕಂಪನ ಯಾವಾಗ ಆರಂಭವಾಗಬೇಕು ಎಂಬುದಕ್ಕೂ ಗಮನ ಕೊಡಿ. ಟೈರಿನ ಹಿಡಿತ ಗರಿಷ್ಠವಾಗುವುದು ಸ್ವಲ್ಪ ಜಾರುತ್ತಿರುವಾಗಲೇ. ಗಟ್ಟಿ ರಸ್ತೆಯ ಮೇಲೆ ಬ್ರೇಕ್ ಒತ್ತಿದಾಗ ಚಕ್ರ ಕಾರಿಗಿಂತ ಶೇಕಡಾ 10ರಿಂದ 15ರಷ್ಟು ನಿಧಾನವಾಗಿ ಸುತ್ತುವ ಹಂತದ ಆಸುಪಾಸಿನಲ್ಲಿ ಅದಿರುತ್ತದೆ. ಕಂಪನ ಆ ಗೆರೆಗೆ ತುಸು ಮೊದಲು ಮೆಲ್ಲಗೆ ಶುರುವಾಗಿ, ಗೆರೆ ದಾಟಿದೊಡನೆ ಸ್ಪಷ್ಟವಾಗಿ ಏರುವಂತೆ ಇಟ್ಟರೆ ಅದು ಎಚ್ಚರಿಕೆಯಾಗುತ್ತದೆ. ಪೂರ್ತಿ ಲಾಕ್ ಆದ ಮೇಲೆ ಬಂದರೆ ಬರಿಯ ವರದಿಯಾಗುತ್ತದೆ. ಜಲ್ಲಿರಸ್ತೆಯಲ್ಲಿ ಕಾರು ಸದಾ ಜಾರುತ್ತಲೇ ಇರುವುದರಿಂದ ರ್‍ಯಾಲಿಗೆ ಈ ಮಿತಿಯನ್ನು ಬೇರೆಯಾಗಿಯೇ ಇಡಬೇಕು. ಸಿಮ್‌ಹಬ್‌ನಲ್ಲಿ ಪ್ರತಿ ಆಟಕ್ಕೂ ಪ್ರತ್ಯೇಕ ಪ್ರೊಫೈಲ್ ಉಳಿಸಿಕೊಳ್ಳಬಹುದು.

ಓಮ್‌ನಿಯಮ

ವಿದ್ಯುತ್ತಿನ ಭಾಗವನ್ನು ನಾನು ಹೇಳುತ್ತೇನೆ. ಶೇಕ್‌ಇಟ್ ಕಂಪನವನ್ನು ಧ್ವನಿಯ ರೂಪದಲ್ಲೇ ಹೊರಕ್ಕೆ ಕಳಿಸುವುದರಿಂದ, ನಾಲ್ಕು ಪ್ರತ್ಯೇಕ ಚಾನೆಲ್‌ಗಳಿಗೆ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವಂಥ ಯುಎಸ್‌ಬಿ 7.1 ಸೌಂಡ್ ಕಾರ್ಡ್ ಒಂದು ಸಾಕು. ಕಾರ್ಡ್ ಜೋಡಿಸಿದೊಡನೆ ವಿಂಡೋಸ್ ಅದನ್ನೇ ಮುಖ್ಯ ಧ್ವನಿಸಾಧನವಾಗಿ ಮಾಡಿಕೊಳ್ಳುವುದುಂಟು. ಆಗ ಪ್ರತಿ ಸೂಚನೆಯ ಸದ್ದೂ ಸೀಟಿಗೆ ಬರುತ್ತದೆ. ಮುಖ್ಯ ಸಾಧನವನ್ನು ಹಿಂದಿನದಕ್ಕೇ ಬದಲಾಯಿಸಿ, ಆ ಕಾರ್ಡಿನ ಎಲ್ಲ ಧ್ವನಿ ಸುಧಾರಣೆಗಳನ್ನು ಆಫ್ ಮಾಡಿಬಿಡಿ.

ಆಂಪ್ಲಿಫೈಯರ್‌ಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಚಿಪ್ ಇರುವ ಚಿಕ್ಕ ಬೋರ್ಡುಗಳನ್ನು ಬಹಳ ಜನ ಬಳಸುತ್ತಾರೆ, ಮತ್ತು ಅವು ಈ ಕೆಲಸಕ್ಕೆ ಯೋಗ್ಯವಾಗಿವೆ. ಆದರೆ ಡಬ್ಬಿಯ ಮೇಲೆ ಬರೆದ ವ್ಯಾಟ್ ಸಿಗುವುದು ತಕ್ಕ ವೋಲ್ಟೇಜ್ ಕೊಟ್ಟಾಗ ಮಾತ್ರ. 4 ಓಮ್ ಶೇಕರ್‌ಗೆ ಪ್ರತಿ ಚಾನೆಲ್‌ನಲ್ಲಿ 50 ವ್ಯಾಟ್ ಬೇಕಾದರೆ ಸುಮಾರು 21 ವೋಲ್ಟ್ ಬೇಕು. ಮನೆಯಲ್ಲಿ ಬಿದ್ದಿರುವ 12 ವೋಲ್ಟ್ ಅಡಾಪ್ಟರ್ ಹಾಕಿದರೆ 15 ವ್ಯಾಟ್ ಆಸುಪಾಸಿನಲ್ಲೇ ಅಲೆ ಚಪ್ಪಟೆಯಾಗತೊಡಗುತ್ತದೆ. ಹಾಗೆ ಚಪ್ಪಟೆಯಾದ ಅಲೆಯಿಂದ ಶೇಕರ್‌ನ ಸುರುಳಿ ಕಾಯುತ್ತದೆಯೇ ಹೊರತು ಕಂಪನ ಹೆಚ್ಚುವುದಿಲ್ಲ. ಚಿಪ್‌ನ ಗರಿಷ್ಠ ಮಿತಿ 26 ವೋಲ್ಟ್ ಆದ್ದರಿಂದ 24 ವೋಲ್ಟ್ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಸುರಕ್ಷಿತವಾದ ಆಯ್ಕೆ.

ಈ ಬೋರ್ಡುಗಳಲ್ಲಿ ಎಡ ಮತ್ತು ಬಲ ಚಾನೆಲ್‌ಗಳ ಋಣ ತುದಿಗಳು ಒಂದೇ ಅಲ್ಲ. ಪ್ರತಿ ಚಾನೆಲ್‌ನ ಧನ, ಋಣ ಎರಡೂ ತುದಿಗಳಲ್ಲಿ ಸಿಗ್ನಲ್ ಇರುತ್ತದೆ. ಆ ತಂತಿಗಳನ್ನು ಒಟ್ಟಿಗೆ ಕಟ್ಟುವುದಾಗಲಿ, ಅಲ್ಯೂಮಿನಿಯಂ ಚೌಕಟ್ಟಿಗೆ ತಾಗಿಸುವುದಾಗಲಿ ಚಿಪ್‌ಗೆ ಅಪಾಯಕರ. ಡೇಟನ್ ಆಡಿಯೋದ ಬಿಎಸ್‌ಟಿ-1 ಶೇಕರ್ 4 ಓಮ್‌ನದು. ಅಂಥ ಎರಡನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್ ಆಗಿ ಚಾನೆಲ್ ಮೇಲಿನ ಭಾರ ಮಿತಿಮೀರುತ್ತದೆ, ಸರಣಿಯಲ್ಲಿ ಜೋಡಿಸಿದರೆ 8 ಓಮ್ ಆಗಿ ಕ್ಷೇಮವಾಗಿರುತ್ತದೆ. ಅದೇ ಕಂಪನಿಯ ಪಕ್ ಎಂದು ಕರೆಯುವ ಟಿಟಿ25-8 ಚಿಕ್ಕದು, 8 ಓಮ್‌ನದು; ಪೆಡಲ್ ಫಲಕಕ್ಕೆ ಧಾರಾಳವಾಗಿ ಸಾಕು.

ನೆಕ್ಕರ್ ತೀರದಿಂದ

ನಾನಿರುವುದು ಜರ್ಮನಿಯ ಬಾಡಿಗೆ ಮನೆಯಲ್ಲಿ. ಇಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನೆರೆಯವರಿಗೆ ಕೇಳುವಂತೆ ಸದ್ದು ಮಾಡುವಂತಿಲ್ಲವಾದ್ದರಿಂದ ನಿಮ್ಮ ಕೊನೆಯ ಪ್ರಶ್ನೆಯ ಬಗ್ಗೆ ಹೆಚ್ಚು ಯೋಚಿಸಬೇಕಾಯಿತು. ಹೆಡ್‌ಫೋನ್ ಹಾಕಿಕೊಂಡವನಿಗೆ ರಿಗ್ ನಿಶ್ಶಬ್ದವೆಂದು ತೋರುತ್ತದೆ. ಆದರೆ ಕಾಂಕ್ರೀಟ್ ಚಪ್ಪಡಿಯ ಮೂಲಕ ಇಳಿದ 30 ಹರ್ಟ್ಸ್ ಕಂಪನ ಕೆಳಗಿನ ಮನೆಯ ಛಾವಣಿಯನ್ನೇ ಧ್ವನಿವರ್ಧಕವಾಗಿಸುತ್ತದೆ.

ವಾಷಿಂಗ್ ಮೆಷಿನ್ ಕೆಳಗಿಡುವ ಗಟ್ಟಿ ರಬ್ಬರ್ ಮೆತ್ತೆಗಳನ್ನು ಬಹಳ ಮಂದಿ ಸೂಚಿಸುತ್ತಾರೆ. ಭಾರ ಬಿದ್ದಾಗ ಕುಗ್ಗದ ಮೆತ್ತೆ ಕಂಪನವನ್ನು ತಡೆಯುವುದಿಲ್ಲ ಎಂಬುದು ಇಲ್ಲಿನ ಮೂಲ ಸಂಗತಿ. ಮೆತ್ತೆಯ ಮೇಲೆ ನಿಂತ ರಿಗ್‌ಗೆ ಒಂದು ಸ್ವಾಭಾವಿಕ ಆವರ್ತನವಿರುತ್ತದೆ; ಅದರ ಸುಮಾರು 1.4 ಪಟ್ಟಿಗಿಂತ ಮೇಲಿನ ಕಂಪನಗಳಷ್ಟೇ ತಗ್ಗುತ್ತವೆ, ಅದರ ಆಸುಪಾಸಿನವು ಇನ್ನೂ ಹೆಚ್ಚುತ್ತವೆ. ನೀವು ಕೂತಾಗ ಮೆತ್ತೆ 2.5 ಮಿಲಿಮೀಟರ್ ಕುಗ್ಗಿದರೆ ಆ ಆವರ್ತನ ಸುಮಾರು 10 ಹರ್ಟ್ಸ್. ಆಗ ಲೆಕ್ಕದ ಪ್ರಕಾರ 25 ಹರ್ಟ್ಸ್ ಕಂಪನದ ಐದನೆಯ ಒಂದು ಭಾಗವೂ, 40 ಹರ್ಟ್ಸ್‌ನದಾದರೆ ಹದಿನೈದನೆಯ ಒಂದು ಭಾಗವೂ ನೆಲಕ್ಕೆ ಇಳಿಯುತ್ತವೆ. 15 ಹರ್ಟ್ಸ್ ಮಾತ್ರ ಬಹುಪಾಲು ದಾಟಿಹೋಗುತ್ತದೆ. ಕ್ರಿಯೆಯಲ್ಲಿ ರಬ್ಬರ್ ಲೆಕ್ಕಕ್ಕಿಂತ ಸ್ವಲ್ಪ ಬಿಗಿಯಾಗಿ ವರ್ತಿಸುವುದರಿಂದ ಫಲ ಇಷ್ಟು ಚೆನ್ನಾಗಿರದು. ಆದ್ದರಿಂದ ಎಲ್ಲ ಪರಿಣಾಮಗಳನ್ನೂ 20 ಹರ್ಟ್ಸ್‌ಗಿಂತ ಮೇಲೆಯೇ ಇಡಿ.

ಆದರೆ ಇಡೀ ರಿಗ್ ಮೆತ್ತಗಿನ ಕಾಲುಗಳ ಮೇಲೆ ನಿಂತರೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಓಲಾಡುತ್ತದೆ. ಅದಕ್ಕಿಂತ ಉತ್ತಮವಾದ ದಾರಿಯೆಂದರೆ ಸೀಟು ಮತ್ತು ಚೌಕಟ್ಟಿನ ನಡುವೆ ಎರಡೂ ಬದಿ 8 ಮಿಲಿಮೀಟರ್ (ಎಂ8) ಬೋಲ್ಟ್ ಇರುವ ರಬ್ಬರ್ ತುಂಡುಗಳನ್ನು ಹಾಕಿ, ಶೇಕರನ್ನು ನೇರವಾಗಿ ಸೀಟಿನ ತಳದ ಲೋಹಕ್ಕೆ ಬಿಗಿಯುವುದು. ಕಂಪನ ಸೀಟಿನಲ್ಲೇ ಉಳಿಯುವುದರಿಂದ ಕಡಿಮೆ ಶಕ್ತಿಯೇ ಸಾಕಾಗುತ್ತದೆ. ಕಡಿಮೆ ಶಕ್ತಿ ಹಾಕಿದಷ್ಟೂ ಕೆಳಮನೆಗೆ ಇಳಿಯುವುದೂ ಕಡಿಮೆ. ಸೀಟಿನ ಕಂಪನ ಪೆಡಲ್‌ಗೆ, ಪೆಡಲ್‌ನದು ಸೀಟಿಗೆ ಬೆರೆಯುವುದೂ ಇದರಿಂದ ನಿಲ್ಲುತ್ತದೆ. ಹಿಂಚಕ್ರ ಅವರು ಹೇಳಿದ ಪಾದ ಮತ್ತು ಸೊಂಟದ ಭೇದ ಉಳಿಯಬೇಕಾದರೆ ಇದು ಆಗಲೇಬೇಕು.

ತುಂಗಾತೀರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ನಿಮ್ಮ ಮಾತುಗಳನ್ನು ಓದಿದ ಮೇಲೆ ಪೆಡಲ್ ಫಲಕಕ್ಕೆ ಒಂದು ಪಕ್, ಸೀಟಿಗೆ ಒಂದು ಬಿಎಸ್‌ಟಿ-1, ಹೀಗೆ ಎರಡರಿಂದಲೇ ಆರಂಭಿಸಿದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ. ಎಡ ಬಲ ಭೇದವಿಲ್ಲದಿದ್ದರೆ ಬಹಳ ನಷ್ಟವೇ? ಎಂಜಿನ್ ಕಂಪನವನ್ನು ಪೂರ್ತಿಯಾಗಿ ಬಿಡಬೇಕೇ?

ಕಾಫಿತೋಟ

ಎಂಜಿನ್ ವಿಷಯದಲ್ಲಿ ನನ್ನ ಅಭಿಪ್ರಾಯ ಹಿಂಚಕ್ರ ಅವರದಕ್ಕಿಂತ ಸ್ವಲ್ಪ ಬೇರೆ. ರ್‍ಯಾಲಿಯಲ್ಲಿ ಕಿವಿ ಮುಂದಿನ ತಿರುವುಗಳನ್ನು ಹೇಳುವ ಸಹಚಾಲಕನ ಮಾತಿಗೆ ಮೀಸಲಾಗಿರಬೇಕು. ಅರ್ಜೆಂಟೀನಾ ಹಂತಗಳ ಕಲ್ಲುಬಂಡೆಗಳ ನಡುವೆ ಒಂದೇ ಸೂಚನೆ ತಪ್ಪಿದರೂ ಕಾರು ಹೋಯಿತು. ಅಂಥ ಹೊತ್ತಿನಲ್ಲಿ ಗೇರ್ ಬದಲಿಸುವ ಸಮಯವನ್ನು ಸೊಂಟವೇ ತಿಳಿಸಿದರೆ ಕಿವಿಗೂ ಕಣ್ಣಿಗೂ ಬಿಡುವು ಸಿಗುತ್ತದೆ. ನಾಲ್ಕು ಸ್ಟ್ರೋಕಿನ ನಾಲ್ಕು ಸಿಲಿಂಡರ್ ಎಂಜಿನ್ 900 ಆರ್‌ಪಿಎಂನಲ್ಲಿ ಸೆಕೆಂಡಿಗೆ 30 ಬಾರಿ ಉರಿಯುತ್ತದೆ, 6000ದಲ್ಲಿ 200 ಬಾರಿ. ಬಿಎಸ್‌ಟಿ-1ರ ವ್ಯಾಪ್ತಿ 80 ಹರ್ಟ್ಸ್‌ಗೆ ಮುಗಿಯುವುದರಿಂದ ಓಟದ ವೇಗದಲ್ಲಿ ನಿಜವಾದ ಎಂಜಿನ್ ಕಂಪನವನ್ನು ಅದು ಹೇಗೂ ಕೊಡಲಾರದು. ಹಾಗಿದ್ದ ಮೇಲೆ ನೈಜತೆಯ ಆಸೆ ಬಿಟ್ಟು, ಗರಿಷ್ಠ ಆರ್‌ಪಿಎಂನ ಕೊನೆಯ ಶೇಕಡಾ 5ರಲ್ಲಿ ಮಾತ್ರ ತೆಳುವಾದ ಕಂಪನ ಬರುವಂತೆ ಇಡಿ. ಉಳಿದ ಸಮಯ ಅದು ಪೂರ್ತಿ ಮೌನವಾಗಿರಲಿ.

ಹಿಂಚಕ್ರ

ಕಾಫಿತೋಟ ಅವರ ಸಲಹೆಯನ್ನು ಸಂತೋಷದಿಂದ ಒಪ್ಪುತ್ತೇನೆ; ನನ್ನ ಆಕ್ಷೇಪ ಇದ್ದದ್ದು ನಿರಂತರ ಕಂಪನದ ಬಗ್ಗೆ.

ಎರಡರಿಂದ ಆರಂಭಿಸುವುದು ಒಳ್ಳೆಯ ನಿರ್ಧಾರ. ಎಡ ಬಲ ಭೇದ ಕರ್ಬ್ ಹತ್ತಿದಾಗ ಹಿತವೆನಿಸುತ್ತದೆ, ಆದರೆ ಯಾವ ಬದಿಯ ಕರ್ಬ್ ಎಂಬುದು ಪರದೆಯಲ್ಲಿ ಕಾಣುತ್ತಲೇ ಇರುತ್ತದೆ. ಮುಂದು ಹಿಂದುಗಳ ಭೇದವೇ ನಿಮ್ಮ ಮೂಲ ಕೊರತೆಗೆ ಉತ್ತರ. ಪೆಡಲ್‌ಗೆ ಮುಂಚಕ್ರಗಳ ಲಾಕ್ ಮತ್ತು ಎಬಿಎಸ್, ಸೀಟಿಗೆ ಹಿಂಚಕ್ರಗಳ ಜಾರುವಿಕೆ, ರಸ್ತೆಯ ಗುದ್ದು ಮತ್ತು ಗೇರ್ ಬದಲಾವಣೆಯ ಒಂದು ಚಿಕ್ಕ ಹೊಡೆತ, ಇಷ್ಟೇ ಇರಲಿ. ಸೀಟಿನ ಮೂರಕ್ಕೂ ಬೇರೆ ಬೇರೆ ಆವರ್ತನ ಕೊಡಿ: ಗುದ್ದು 25ರ ಹತ್ತಿರ, ಗೇರ್ 35ರ ಹತ್ತಿರ, ಜಾರುವಿಕೆ 50ರಿಂದ 60ರ ನಡುವೆ ಇದ್ದರೆ ಒಂದರ ಮೇಲೊಂದು ಬಂದಾಗಲೂ ಬೇರೆಯಾಗಿ ತಿಳಿಯುತ್ತವೆ. ಒಂದು ವಾರ ಜಾರುವಿಕೆಯೊಂದನ್ನೇ ಇಟ್ಟುಕೊಂಡು ಆಡಿ, ಅದು ಮೈಗೆ ಹತ್ತಿದ ಮೇಲೆ ಉಳಿದವನ್ನು ಸೇರಿಸಿ.

ಇವನ್ನೆಲ್ಲ ಮಾಡುವ ಮೊದಲು 20ರಿಂದ 80 ಹರ್ಟ್ಸ್‌ವರೆಗೆ ಮೆಲ್ಲನೆ ಏರುವ ಪರೀಕ್ಷಾ ಧ್ವನಿಯೊಂದನ್ನು ಶೇಕರ್‌ಗೆ ಕೊಟ್ಟು ನೋಡಿ. ಯಾವುದೋ ಒಂದೆರಡು ಆವರ್ತನಗಳಲ್ಲಿ ಚೌಕಟ್ಟೇ ಗಡಗಡಿಸುತ್ತದೆ; ಅವುಗಳನ್ನು ಗುರುತು ಹಾಕಿಕೊಂಡು ಆ ಜಾಗದಿಂದ ನಿಮ್ಮ ಪರಿಣಾಮಗಳನ್ನು ದೂರವಿಡಿ. ಆ ಪರೀಕ್ಷೆಯ ಹೊತ್ತಿಗೆ ಕೆಳಮನೆಯವರ ಅನುಮತಿ ಪಡೆದು ಮನೆಯವರೊಬ್ಬರು ಅಲ್ಲಿ ನಿಂತು ಕೇಳಿದರೆ ಯಾವ ಮಟ್ಟದವರೆಗೆ ಏರಿಸಬಹುದೆಂಬುದು ಅಂದೇ ತೀರ್ಮಾನವಾಗುತ್ತದೆ. ಅಲ್ಯೂಮಿನಿಯಂ ಪ್ರೊಫೈಲ್‌ನ ಟಿ-ನಟ್‌ಗಳು ಕಂಪನಕ್ಕೆ ಸಡಿಲವಾಗುತ್ತವೆ. ಶೇಕರ್ ಬಿಗಿಯುವ ಕಡೆ ನೈಲಾನ್ ಇರುವ ಲಾಕ್ ನಟ್ ಹಾಕಿ, ಉಳಿದ ಬೋಲ್ಟುಗಳಿಗೆ ನೀಲಿ ಬಣ್ಣದ ಥ್ರೆಡ್ ಲಾಕರ್ ಹಚ್ಚಿ, ಸ್ಟಿಯರಿಂಗ್ ಮತ್ತು ಪೆಡಲ್‌ಗಳ ಬೋಲ್ಟುಗಳನ್ನು ಮೊದಲ ಕೆಲವು ವಾರ ಆಗಾಗ ಪರೀಕ್ಷಿಸುತ್ತಿರಿ.